ಕರಾಚಿಯಿಂದ ಜುಹುವಿಗೆ ಏಳೂಕಾಲು ಗಂಟೆ: ಜೆ.ಆರ್.ಡಿ. ಟಾಟಾ ಅವರ ಜೀವನಯಾನ

ಎರಡು ಊರುಗಳ ನಡುವಣ ದೂರವನ್ನು ಭೂಪಟವು ಕಿಲೋಮೀಟರುಗಳಲ್ಲಿ ಹೇಳುತ್ತದೆ. ಆದರೆ ಹುಟ್ಟೂರನ್ನು ಬಿಟ್ಟು ಮಹಾನಗರದಲ್ಲಿ ನೆಲೆ ಕಂಡ ನಾವು ಆ ದೂರವನ್ನು ಗಂಟೆಗಳಲ್ಲೇ ಅಳೆಯುತ್ತೇವೆ. ನಮ್ಮ ಹಿರಿಯರಲ್ಲಿ ಅನೇಕರು ಕರಾವಳಿಯ ಹಡಗುಗಳಲ್ಲಿ ಮುಂಬಯಿಗೆ ಬಂದವರು. ಅವರ ನಂತರದವರು ಘಟ್ಟವನ್ನು ಹತ್ತಿಳಿಯುವ ಬಸ್ಸುಗಳಲ್ಲಿ ರಾತ್ರಿ ಕಳೆದು ಬಂದವರು. ಮುಂಬಯಿಯಿಂದ ಮಂಗಳೂರಿಗೆ ಆಕಾಶಮಾರ್ಗದ ದೂರ ಸುಮಾರು 710 ಕಿಲೋಮೀಟರುಗಳಷ್ಟೇ. ಅದು ಅಜ್ಜನ ಕಾಲದಲ್ಲಿಯೂ ಅಷ್ಟೇ ಇತ್ತು, ಮೊಮ್ಮಗನ ಕಾಲದಲ್ಲಿಯೂ ಅಷ್ಟೇ ಇದೆ. ಬದಲಾದುದು ಸಮಯ ಮಾತ್ರ. ಈ ಸಮಯವನ್ನು ಕಿರಿದುಗೊಳಿಸುವುದಕ್ಕಾಗಿಯೇ ತಮ್ಮ ಆಯುಷ್ಯದ ಬಹುಭಾಗವನ್ನು ಮುಡಿಪಾಗಿಟ್ಟ ಮಹನೀಯರೊಬ್ಬರ ಜೀವನವನ್ನು ಸ್ಮರಿಸುವುದು ಈ ಲೇಖನದ ಉದ್ದೇಶ. ಅವರೇ ಭಾರತದ ನಾಗರಿಕ ವಿಮಾನಯಾನದ ಜನಕರೆಂದು ಕೀರ್ತಿತರಾದ ಜಹಾಂಗೀರ್ ರತನ್‌ಜಿ ದಾದಾಭಾಯಿ ಟಾಟಾ, ಅರ್ಥಾತ್ ಜೆ.ಆರ್.ಡಿ. ಟಾಟಾ.

ಜೆ.ಆರ್.ಡಿ. ಅವರು 1904ರ ಜುಲೈ 29ರಂದು ಫ್ರಾನ್ಸಿನ ಪ್ಯಾರಿಸ್ ನಗರದಲ್ಲಿ ಜನಿಸಿದರು. ತಂದೆ ರತನ್‌ಜಿ ದಾದಾಭಾಯಿ ಟಾಟಾ ಅವರು ಟಾಟಾ ಉದ್ಯಮಗಳ ಸಂಸ್ಥಾಪಕ ಜಮ್‌ಶೇಟ್‌ಜಿ ಟಾಟಾ ಅವರ ಸೋದರಸಂಬಂಧಿ. ತಾಯಿ ಸುಜಾನ್ ಬ್ರಿಯೇರ್ ಫ್ರೆಂಚ್ ಮಹಿಳೆ. ಮದುವೆಯ ನಂತರ ಸೂನಿ ಎಂಬ ಹೆಸರನ್ನು ಪಡೆದವರು. ಬಾಲಕನ ಬಾಲ್ಯ ಫ್ರಾನ್ಸ್ ಮತ್ತು ಭಾರತಗಳ ನಡುವೆ ಹಂಚಿಹೋಯಿತು. ಉತ್ತರ ಫ್ರಾನ್ಸಿನ ಹಾರ್ಡೆಲೋ ಎಂಬ ಕಡಲತೀರದಲ್ಲಿ ಈ ಕುಟುಂಬದ ಬೇಸಿಗೆಯ ಮನೆಯಿತ್ತು. 1909ರ ಜುಲೈ 25ರಂದು ಇಂಗ್ಲಿಷ್ ಕಾಲುವೆಯನ್ನು ವಿಮಾನದಲ್ಲಿ ಮೊದಲ ಬಾರಿಗೆ ದಾಟಿ ಲೋಕಪ್ರಸಿದ್ಧರಾದ ಲೂಯಿ ಬ್ಲೇರಿಯೋ ಅವರ ಮನೆಯೂ ಅಲ್ಲಿಯೇ ಸಮೀಪದಲ್ಲಿತ್ತು. ಮರಳ ಮೇಲೆ ಇಳಿಯುತ್ತಿದ್ದ ಆ ಹಗುರ ವಿಮಾನಗಳನ್ನು ಕಣ್ಣಾರೆ ಕಂಡ ಬಾಲಕನ ಮನಸ್ಸಿನಲ್ಲಿ ಹಾರುವ ಹಂಬಲ ಅಂದೇ ಬೇರೂರಿತು. 1919ರಲ್ಲಿ, ತಮ್ಮ ಹದಿನೈದನೆಯ ವಯಸ್ಸಿನಲ್ಲಿ, ಅವರು ಮೊದಲ ಬಾರಿಗೆ ವಿಮಾನವೇರಿ ಸುತ್ತಾಡಿ ಬಂದರು.

ತಾಯಿ 1923ರಲ್ಲಿ ತೀರಿಕೊಂಡರು. ಫ್ರೆಂಚ್ ಪ್ರಜೆಯಾಗಿದ್ದುದರಿಂದ ಜೆ.ಆರ್.ಡಿ. ಒಂದು ವರ್ಷ ಫ್ರಾನ್ಸಿನ ಸೈನ್ಯದಲ್ಲಿ ಸೇವೆ ಸಲ್ಲಿಸಬೇಕಾಯಿತು. ಕೇಂಬ್ರಿಜ್ ವಿಶ್ವವಿದ್ಯಾಲಯದಲ್ಲಿ ಎಂಜಿನಿಯರಿಂಗ್ ಓದಬೇಕೆಂಬ ಆಸೆ ಅವರಿಗಿತ್ತು. ಆದರೆ ತಂದೆಯವರು ಮುಂಬಯಿಗೆ ಬರಹೇಳಿದುದರಿಂದ ಆ ಆಸೆ ಕೈಗೂಡಲಿಲ್ಲ. 1925ರ ಕೊನೆಯಲ್ಲಿ ಸಂಬಳವಿಲ್ಲದ ಶಿಕ್ಷಾರ್ಥಿಯಾಗಿ ಅವರು ಟಾಟಾ ಸಂಸ್ಥೆಯನ್ನು ಸೇರಿದರು. ಮರುವರ್ಷವೇ ತಂದೆಯೂ ನಿಧನರಾದರು. ಇಪ್ಪತ್ತೆರಡರ ತರುಣನ ಹೆಗಲ ಮೇಲೆ ಒಮ್ಮೆಲೇ ಸಂಸಾರದ ಹಾಗೂ ಉದ್ಯಮದ ಭಾರ ಬಿದ್ದಿತು. 1929ರಲ್ಲಿ ಫ್ರೆಂಚ್ ಪೌರತ್ವವನ್ನು ತ್ಯಜಿಸಿ ಅವರು ಭಾರತವನ್ನೇ ತಮ್ಮ ನಾಡಾಗಿಸಿಕೊಂಡರು. ಕಾಲೇಜಿನ ಪದವಿಯಿಲ್ಲದ ಕೊರಗು ಅವರನ್ನು ಬಹುಕಾಲ ಕಾಡಿತು. ರಾತ್ರಿಗಳಲ್ಲಿ ಓದಿ ಅದನ್ನು ತುಂಬಿಕೊಂಡರು.

ಅದೇ 1929ನೆಯ ಇಸವಿ ಅವರ ಬಾಳಿನ ಮಹತ್ವದ ವರ್ಷ. ಮುಂಬಯಿಯ ಜುಹುವಿನಲ್ಲಿ 1928ರಲ್ಲಿ ನಾಗರಿಕ ವಿಮಾನ ನಿಲ್ದಾಣವೊಂದು ಆರಂಭವಾಗಿತ್ತು. ಅಲ್ಲಿ ಹಾರಾಟ ಕಲಿತ ಜೆ.ಆರ್.ಡಿ. ಅವರಿಗೆ 1929ರ ಫೆಬ್ರವರಿ 10ರಂದು ಪೈಲಟ್ ಪರವಾನಗಿ ದೊರೆಯಿತು. ಭಾರತದಲ್ಲಿ ನೀಡಲಾದ ಪರವಾನಗಿಗಳಲ್ಲಿ ಅದು ಮೊದಲನೆಯದು. ಅದರ ಮೇಲಿದ್ದ ಸಂಖ್ಯೆ 1.

ಮರುವರ್ಷ, ಅಂದರೆ 1930ರಲ್ಲಿ, ಆಗಾ ಖಾನ್ ಅವರು ಘೋಷಿಸಿದ್ದ ಬಹುಮಾನವೊಂದಕ್ಕಾಗಿ ಸ್ಪರ್ಧೆ ನಡೆಯಿತು. ಇಂಗ್ಲೆಂಡ್ ಮತ್ತು ಭಾರತಗಳ ನಡುವೆ ಯಾವ ದಿಕ್ಕಿನಲ್ಲಾದರೂ ಒಬ್ಬಂಟಿಯಾಗಿ ವಿಮಾನ ನಡೆಸಿದ ಮೊದಲ ಭಾರತೀಯನಿಗೆ 500 ಪೌಂಡ್ ಸಲ್ಲಬೇಕಿತ್ತು. ಜೆ.ಆರ್.ಡಿ. ಕರಾಚಿಯಿಂದ ಹೊರಟರು. ಹದಿನೇಳರ ಹರೆಯದ ಆಸ್ಪಿ ಎಂಜಿನಿಯರ್ ಇಂಗ್ಲೆಂಡಿನಿಂದ ಹೊರಟಿದ್ದರು. ಇಬ್ಬರೂ ಈಜಿಪ್ಟಿನ ಅಬೂಕಿರ್‌ನಲ್ಲಿ ಸಂಧಿಸಿದರು. ಆಸ್ಪಿ ಅವರ ವಿಮಾನಕ್ಕೆ ಸ್ಪಾರ್ಕ್ ಪ್ಲಗ್ ಬೇಕಾಗಿ, ಅವರು ಮುಂದೆ ಹೋಗಲಾರದೆ ನಿಂತಿದ್ದರು. ಜೆ.ಆರ್.ಡಿ. ತಮ್ಮಲ್ಲಿದ್ದುದನ್ನು ಕೊಟ್ಟರು. ಕೆಲವೇ ಗಂಟೆಗಳ ಅಂತರದಲ್ಲಿ ಬಹುಮಾನ ಆಸ್ಪಿ ಅವರ ಪಾಲಾಯಿತು. ಇದೇ ಆಸ್ಪಿ ಎಂಜಿನಿಯರ್ ಮುಂದೆ 1960ರಿಂದ 1964ರವರೆಗೆ ಭಾರತೀಯ ವಾಯುಪಡೆಯ ಮುಖ್ಯಸ್ಥರಾಗಿದ್ದರು. ಗಂಟೆಗಳನ್ನು ಉಳಿಸುವುದರಲ್ಲಿ ಅಷ್ಟು ಆಸಕ್ತರಾಗಿದ್ದ ಜೆ.ಆರ್.ಡಿ. ಅಂದು ಆ ಕೆಲವು ಗಂಟೆಗಳನ್ನು ಕಳೆದುಕೊಂಡುದಕ್ಕೆ ಎಂದೂ ಹಲುಬಿದವರಲ್ಲ.

ಇನ್ನು ಅಂಚೆಯ ವಿಷಯಕ್ಕೆ ಬರೋಣ. 1929ರಲ್ಲಿ ಇಂಪೀರಿಯಲ್ ಏರ್‌ವೇಸ್ ಸಂಸ್ಥೆ ಲಂಡನ್ನಿನಿಂದ ಕರಾಚಿಗೆ ವಿಮಾನದಲ್ಲಿ ಅಂಚೆ ತರಲಾರಂಭಿಸಿತು. ಆದರೆ ಸಾವಿರಾರು ಮೈಲಿ ಆಕಾಶದಲ್ಲಿ ಧಾವಿಸಿ ಬಂದ ಪತ್ರಗಳು ಕರಾಚಿಯಿಂದ ಮುಂಬಯಿ, ಮದ್ರಾಸುಗಳತ್ತ ರೈಲಿನ ವೇಗದಲ್ಲಿ ಸಾಗಬೇಕಿತ್ತು. ಬ್ಯಾಂಕಿನ ವೃತ್ತಿಯಲ್ಲಿರುವ ನಮಗೆ ಇದರ ಅರ್ಥ ಚೆನ್ನಾಗಿ ತಿಳಿದಿದೆ. ಗಣಕಯಂತ್ರಗಳು ಬರುವ ಮುನ್ನ ಹುಂಡಿ, ಚೆಕ್ಕು, ಹಣ ವರ್ಗಾವಣೆಯ ಸೂಚನೆ ಎಲ್ಲವೂ ಅಂಚೆಯಲ್ಲಿಯೇ ಪಯಣಿಸುತ್ತಿದ್ದವು. ದಾರಿಯಲ್ಲಿರುವ ಹಣ ಇತ್ತ ಕೊಟ್ಟವನದೂ ಅಲ್ಲ, ಅತ್ತ ಪಡೆಯುವವನದೂ ಅಲ್ಲ. ಆದ್ದರಿಂದ ಅಂಚೆಯ ಒಂದೊಂದು ದಿನಕ್ಕೂ ಬಡ್ಡಿಯ ಲೆಕ್ಕವಿತ್ತು. ವ್ಯಾಪಾರಿಗೆ ಇದು ಹಣದ ಪ್ರಶ್ನೆಯಾದರೆ, ಊರಿನಲ್ಲಿ ಕಾದಿರುವ ತಂದೆತಾಯಿಗಳಿಗೆ ಮಗನ ಕ್ಷೇಮದ ಪ್ರಶ್ನೆಯಾಗಿತ್ತು.

ಈ ಕೊರತೆಯನ್ನು ತುಂಬುವ ಯೋಜನೆಯೊಂದನ್ನು ನೆವಿಲ್ ವಿನ್ಸೆಂಟ್ ಎಂಬುವರು ಟಾಟಾ ಸಂಸ್ಥೆಯ ಮುಂದಿಟ್ಟರು. ದಕ್ಷಿಣ ಆಫ್ರಿಕಾ ಮೂಲದ ಅವರು ಬ್ರಿಟಿಷ್ ವಾಯುಪಡೆಯಲ್ಲಿ ದುಡಿದಿದ್ದ ನುರಿತ ವೈಮಾನಿಕ. ಅಂದು ಸಂಸ್ಥೆಯ ಅಧ್ಯಕ್ಷರಾಗಿದ್ದ ಸರ್ ದೊರಾಬ್ಜಿ ಟಾಟಾ ಅವರಿಗೆ ಈ ಹೊಸ ಸಾಹಸದಲ್ಲಿ ಅಷ್ಟಾಗಿ ಉತ್ಸಾಹವಿರಲಿಲ್ಲ. ಜೆ.ಆರ್.ಡಿ. ಅವರ ಹಿರಿಯ ಮಾರ್ಗದರ್ಶಕರಾಗಿದ್ದ ಜಾನ್ ಪೀಟರ್ಸನ್ ಮಧ್ಯಸ್ಥಿಕೆ ವಹಿಸಿ ಅವರನ್ನು ಒಪ್ಪಿಸಿದರು. ತೊಡಗಿಸಿದ ಬಂಡವಾಳ ಎರಡು ಲಕ್ಷ ರೂಪಾಯಿ. ಸರಕಾರ ಸಹಾಯಧನ ಕೊಡಲಿಲ್ಲ. ಸಾಗಿಸಿದ ಅಂಚೆಗೆ ತಕ್ಕ ಹಣವನ್ನಷ್ಟೇ ಕೊಡಲೊಪ್ಪಿತು. ಒಪ್ಪಂದಕ್ಕೆ ಸಹಿ ಬೀಳುವ ಹೊತ್ತಿಗೆ 1932ರ ಏಪ್ರಿಲ್ ಬಂದಿತ್ತು.

1932ರ ಅಕ್ಟೋಬರ್ 15ರ ಬೆಳಿಗ್ಗೆ 6 ಗಂಟೆ 35 ನಿಮಿಷಕ್ಕೆ ಕರಾಚಿಯ ಡ್ರಿಗ್ ರೋಡ್ ವಿಮಾನ ನಿಲ್ದಾಣದಿಂದ ಪುಸ್ ಮಾತ್ ಎಂಬ ಪುಟ್ಟ ವಿಮಾನವೊಂದು ಮೇಲೇರಿತು. ಒಂದೇ ಎಂಜಿನ್, ಒಬ್ಬನೇ ಚಾಲಕ. ರೇಡಿಯೋ ಇರಲಿಲ್ಲ, ದಿಕ್ಸೂಚಿ, ನಕ್ಷೆ ಮತ್ತು ಕೆಳಗೆ ಕಾಣುವ ನೆಲದ ಗುರುತುಗಳೇ ದಾರಿ ತೋರಬೇಕಿತ್ತು. ಚಾಲಕನ ಆಸನದಲ್ಲಿ ಇಪ್ಪತ್ತೆಂಟರ ಹರೆಯದ ಜೆ.ಆರ್.ಡಿ. ಇದ್ದರು. ಅವರ ಹಿಂದೆ ಅಂಚೆಯ ಚೀಲಗಳು. ಅಹಮದಾಬಾದಿನಲ್ಲಿ ವಿಮಾನ ಇಳಿದಾಗ ಅದಕ್ಕೆ ಬೇಕಾದ ಪೆಟ್ರೋಲು ಡಬ್ಬಿಗಳಲ್ಲಿ, ಎತ್ತಿನ ಗಾಡಿಯ ಮೇಲೆ ಬಂದಿತು. ಇಂಧನ ತುಂಬಿಸಿಕೊಂಡು ಮತ್ತೆ ಹಾರಿದ ವಿಮಾನ ಮಧ್ಯಾಹ್ನ 1 ಗಂಟೆ 50 ನಿಮಿಷಕ್ಕೆ ಜುಹುವಿನಲ್ಲಿ ಇಳಿಯಿತು. ಒಟ್ಟು ಏಳೂಕಾಲು ಗಂಟೆ.

ಇಲ್ಲಿ ವಿಮಾನಯಾನದ ಒಂದು ಲೆಕ್ಕವನ್ನು ವಾಚಕರ ಗಮನಕ್ಕೆ ತರುವುದು ಉಚಿತವೆನಿಸುತ್ತದೆ. ಎರಡು ವಿಮಾನ ನಿಲ್ದಾಣಗಳ ನಡುವಣ ದೂರವೆಂದರೆ ಗೋಲಾಕಾರದ ಭೂಮಿಯ ಮೇಲೆ ಅವೆರಡನ್ನು ಜೋಡಿಸುವ ಅತಿ ಕಿರಿದಾದ ಗೆರೆಯ ಉದ್ದ. ಕರಾಚಿ ಮತ್ತು ಮುಂಬಯಿಗಳ ನಡುವೆ ಅದು ಸುಮಾರು 880 ಕಿಲೋಮೀಟರ್. ಆದರೆ ಇಂಧನಕ್ಕಾಗಿ ಅಹಮದಾಬಾದನ್ನು ಬಳಸಿ ಬಂದುದರಿಂದ ಪುಸ್ ಮಾತ್ ಸುಮಾರು 1,035 ಕಿಲೋಮೀಟರ್ ಹಾರಬೇಕಾಯಿತು. ನಿಲುಗಡೆಯನ್ನೂ ಸೇರಿಸಿ ಲೆಕ್ಕ ಹಾಕಿದರೆ ಗಂಟೆಗೆ 140 ಕಿಲೋಮೀಟರಿಗಿಂತ ತುಸು ಹೆಚ್ಚು. ಜೆಟ್ ವಿಮಾನಕ್ಕೆ ಇದೇ ನೇರ ದಾರಿ ಸುಮಾರು ಒಂದೂವರೆ ಗಂಟೆಯದು. ಜೆಟ್ ಗಂಟೆಗೆ ಎಂಟುನೂರಕ್ಕೂ ಹೆಚ್ಚು ಕಿಲೋಮೀಟರ್ ಹಾರುವುದಾದರೂ 880 ಕಿಲೋಮೀಟರಿಗೆ ಒಂದು ಗಂಟೆ ಸಾಲದು. ನೆಲದ ಮೇಲೆ ಓಡುವ ಹೊತ್ತು, ಮೇಲೇರುವ ಹೊತ್ತು, ಇಳಿಯಲು ಸರದಿ ಕಾಯುವ ಹೊತ್ತು, ಎದುರುಗಾಳಿಯ ಅಡ್ಡಿ, ಎಲ್ಲವೂ ಪ್ರಯಾಣದ ಸಮಯದಲ್ಲಿ ಸೇರಿರುತ್ತವೆ. ಆದುದರಿಂದಲೇ ದೂರ ಎಷ್ಟೆಂದು ಹೇಳುವುದು ಸುಲಭ. ಸಮಯ ಎಷ್ಟೆಂದು ಹೇಳಿ ಅದರಂತೆ ನಡೆದುಕೊಳ್ಳುವುದು ಕಷ್ಟ.

ಜುಹುವಿನಿಂದ ಮುಂದೆ ಆ ಅಂಚೆಯನ್ನು ಮದ್ರಾಸಿನತ್ತ ಒಯ್ದವರು ವಿನ್ಸೆಂಟ್. ಅವರ ದಾರಿ ನಮ್ಮ ಬಳ್ಳಾರಿಯ ಮೂಲಕ ಸಾಗಿತು ಎಂಬುದು ಕನ್ನಡಿಗರೆಲ್ಲರೂ ನೆನಪಿಡಬೇಕಾದ ಸಂಗತಿ. ಬಳ್ಳಾರಿ ಅಂದು ಮದ್ರಾಸ್ ಪ್ರಾಂತ್ಯದಲ್ಲಿತ್ತು. ಮೈಸೂರು ರಾಜ್ಯವನ್ನು ಅದು ಸೇರಿದ್ದು 1953ರಲ್ಲಿ. ಭೂಪಟವನ್ನು ತೆರೆದು ನೋಡಿದರೆ ಮುಂಬಯಿ ಮತ್ತು ಮದ್ರಾಸುಗಳನ್ನು ಜೋಡಿಸುವ ಗೆರೆಯ ಬಳಿಯಲ್ಲೇ ಬಳ್ಳಾರಿ ಇರುವುದು ಕಾಣುತ್ತದೆ. ಅಹಮದಾಬಾದಿನಿಂದಾಗಿ ನೂರೈವತ್ತು ಕಿಲೋಮೀಟರಿಗೂ ಹೆಚ್ಚು ಸುತ್ತುಬಳಸಾದರೆ, ಬಳ್ಳಾರಿಯಿಂದಾಗಿ ಹತ್ತಿಪ್ಪತ್ತು ಕಿಲೋಮೀಟರೂ ಹೆಚ್ಚಾಗುವುದಿಲ್ಲ. ಹೀಗೆ ಭಾರತೀಯ ವಿಮಾನಯಾನದ ಮೊದಲ ಪುಟದಲ್ಲಿಯೇ ಕನ್ನಡ ನೆಲದ ಹೆಸರೊಂದು ದಾಖಲಾಗಿದೆ.

ಆ ದಿನಗಳ ಜುಹು ವಿಮಾನ ನಿಲ್ದಾಣವು ಕಡಲಂಚಿನ ಕೆಸರು ಬಯಲಾಗಿತ್ತು; ಕಚೇರಿಯೆಂದರೆ ಹುಲ್ಲು ಚಾವಣಿಯ ಒಂದು ಗುಡಿಸಲು. ಮಳೆಗಾಲದಲ್ಲಿ ಇಡೀ ಬಯಲು ನೀರಿನಲ್ಲಿ ಮುಳುಗುತ್ತಿದ್ದುದರಿಂದ ವಿಮಾನ, ಸಾಮಾನು, ಜನ ಎಲ್ಲರೂ ಪುಣೆಗೆ ವಲಸೆ ಹೋಗಬೇಕಿತ್ತು. ಹೀಗಿದ್ದರೂ ಮೊದಲ ವರ್ಷದಲ್ಲಿ ಸಂಸ್ಥೆಯ ವಿಮಾನಗಳು 1,60,000 ಮೈಲಿ ಹಾರಿ, ಹತ್ತು ಟನ್ನಿಗಿಂತ ಹೆಚ್ಚು ಅಂಚೆ ಸಾಗಿಸಿ, 155 ಪ್ರಯಾಣಿಕರನ್ನೂ ಕರೆದೊಯ್ದವು. 60,000 ರೂಪಾಯಿ ಲಾಭ ಬಂದಿತು. ಇವೆಲ್ಲಕ್ಕಿಂತ ಮಿಗಿಲಾದುದು ಇನ್ನೊಂದು ಸಂಗತಿ: ನಾಗರಿಕ ವಿಮಾನಯಾನ ನಿರ್ದೇಶನಾಲಯದ ವರದಿಯಲ್ಲಿ ಈ ಸೇವೆಯ ಸಮಯಪಾಲನೆ ನೂರಕ್ಕೆ ನೂರು ಎಂದು ದಾಖಲಾಯಿತು. ಮಳೆ, ಘಟ್ಟದ ಮೋಡ, ಕೆಸರು ಇವುಗಳ ನಡುವೆ ರೇಡಿಯೋ ಇಲ್ಲದ ವಿಮಾನಗಳು ಹೇಳಿದ ಹೊತ್ತಿಗೆ ತಲುಪಿದವೆಂದರೆ, ಅದರ ಹಿಂದಿದ್ದ ಮೆಕ್ಯಾನಿಕ್ಕುಗಳ ಮತ್ತು ಪೈಲಟ್ಟುಗಳ ಶ್ರಮವನ್ನು ಊಹಿಸಿಕೊಳ್ಳಬಹುದು.

1938ರಲ್ಲಿ, ಮೂವತ್ತನಾಲ್ಕನೆಯ ವಯಸ್ಸಿನಲ್ಲಿ, ಜೆ.ಆರ್.ಡಿ. ಟಾಟಾ ಸಮೂಹದ ಅಧ್ಯಕ್ಷರಾದರು. ಎರಡನೆಯ ಮಹಾಯುದ್ಧದ ಕಾಲದಲ್ಲಿ ಅವರಿಗೊಂದು ದೊಡ್ಡ ಆಘಾತ ಕಾದಿತ್ತು. ಹತ್ತು ವರ್ಷ ಹೆಗಲೆಣೆಯಾಗಿ ದುಡಿದ ವಿನ್ಸೆಂಟ್ 1942ರಲ್ಲಿ ಇಂಗ್ಲೆಂಡಿಗೆ ವಿಮಾನದಲ್ಲಿ ಹೋಗುತ್ತಿದ್ದಾಗ ಆ ವಿಮಾನ ಗುರಿ ಸೇರಲೇ ಇಲ್ಲ. ಯುದ್ಧ ಮುಗಿದ ಮೇಲೆ, 1946ರಲ್ಲಿ, ಟಾಟಾ ಏರ್‌ಲೈನ್ಸ್ ಸಾರ್ವಜನಿಕ ಕಂಪನಿಯಾಗಿ ಏರ್ ಇಂಡಿಯಾ ಎಂಬ ಹೆಸರನ್ನು ತಳೆಯಿತು. 1948ರ ಜೂನ್ 8ರಂದು ಮಲಬಾರ್ ಪ್ರಿನ್ಸೆಸ್ ಎಂಬ ನಾಲ್ಕು ಎಂಜಿನ್ನುಗಳ ವಿಮಾನ ಕೈರೋ ಹಾಗೂ ಜಿನೀವಾಗಳ ಮಾರ್ಗವಾಗಿ ಲಂಡನ್ನಿಗೆ ಹೊರಟಿತು. ಪ್ರಯಾಣಿಕರಲ್ಲಿ ಜೆ.ಆರ್.ಡಿ. ಕೂಡ ಇದ್ದರು. ಸ್ವಾತಂತ್ರ್ಯ ಬಂದು ವರ್ಷ ತುಂಬುವ ಮುನ್ನವೇ ಭಾರತದ ವಿಮಾನವೊಂದು ಸುಮಾರು 7,200 ಕಿಲೋಮೀಟರ್ ದೂರದ ಲಂಡನ್ನನ್ನು ಮುಟ್ಟಿತು.

ಆದರೆ ವೇಗವೊಂದೇ ಅವರ ಗುರಿಯಾಗಿರಲಿಲ್ಲ. 1949ರಲ್ಲಿ ಕೇಂದ್ರ ಸರಕಾರ ನಾಗಪುರವನ್ನು ಕೇಂದ್ರವಾಗಿಸಿಕೊಂಡು ರಾತ್ರಿ ಅಂಚೆ ವಿಮಾನಸೇವೆಯನ್ನು ಆರಂಭಿಸಲು ಮುಂದಾದಾಗ, ರಾತ್ರಿ ಹಾರಾಟಕ್ಕೆ ಬೇಕಾದ ಸಲಕರಣೆಗಳು ಸಾಲವೆಂದು ಅವರು ವಿರೋಧಿಸಿದ್ದರು. ಅವರ ವಿರೋಧದ ನಡುವೆಯೂ ಸೇವೆ ಆರಂಭವಾಯಿತು. ಅವಸರಕ್ಕೆ ತೆರಬೇಕಾದ ಬೆಲೆ ಏನೆಂಬ ಅರಿವು ಅವರಿಗಿತ್ತು. ಮೊದಲ ಬಾರಿಗೆ ಲಂಡನ್ನಿಗೆ ಹಾರಿದ ಅದೇ ಮಲಬಾರ್ ಪ್ರಿನ್ಸೆಸ್ 1950ರ ನವೆಂಬರ್‌ನಲ್ಲಿ ಆಲ್ಪ್ಸ್ ಪರ್ವತದ ಮೋಂಟ್ ಬ್ಲಾಂಕ್ ಶಿಖರಕ್ಕೆ ಬಡಿದು 48 ಮಂದಿ ಮಡಿದರು. 1966ರ ಜನವರಿಯಲ್ಲಿ ಅದೇ ಪರ್ವತದಲ್ಲಿ ಏರ್ ಇಂಡಿಯಾದ ಇನ್ನೊಂದು ವಿಮಾನ ಪತನವಾಗಿ 117 ಮಂದಿ ಅಸುನೀಗಿದಾಗ, ಅವರಲ್ಲಿ ಜೆ.ಆರ್.ಡಿ. ಅವರ ಆಪ್ತಮಿತ್ರ ವಿಜ್ಞಾನಿ ಹೋಮಿ ಭಾಭಾ ಅವರೂ ಇದ್ದರು.

1953ರಲ್ಲಿ ವಿಮಾನ ಸಂಸ್ಥೆಗಳ ರಾಷ್ಟ್ರೀಕರಣವಾಯಿತು. ತಾವು ಕಟ್ಟಿ ಬೆಳೆಸಿದ ಸಂಸ್ಥೆ ಕೈತಪ್ಪಿದುದು ಅವರಿಗೆ ನೋವುಂಟುಮಾಡಿತು. ಆದರೂ ಸರಕಾರದ ಕೋರಿಕೆಯನ್ನು ಮನ್ನಿಸಿ ಏರ್ ಇಂಡಿಯಾದ ಅಧ್ಯಕ್ಷತೆಯನ್ನು ವಹಿಸಿಕೊಂಡರು. ಮುಂದಿನ ಇಪ್ಪತ್ತೈದು ವರ್ಷ ಅದನ್ನು ಸ್ವಂತದ್ದೆಂಬಂತೆ ನಡೆಸಿದರು. 1960ರಲ್ಲಿ ಬೋಯಿಂಗ್ 707 ಜೆಟ್ಟುಗಳು ಬಂದವು. ಅದೇ ವರ್ಷ ನ್ಯೂಯಾರ್ಕಿಗೂ ಸೇವೆ ಆರಂಭವಾಯಿತು. ತಾವು ಪ್ರಯಾಣಿಸುವಾಗಲೆಲ್ಲ ವಿಮಾನದ ಶೌಚಾಲಯದ ಸ್ವಚ್ಛತೆಯಿಂದ ಕಾಫಿಯ ರುಚಿಯವರೆಗೆ ಎಲ್ಲವನ್ನೂ ಗಮನಿಸಿ ಟಿಪ್ಪಣಿ ಬರೆದು ಅಧಿಕಾರಿಗಳಿಗೆ ಕಳುಹಿಸುತ್ತಿದ್ದರು. ಏರ್ ಇಂಡಿಯಾ ವಿಮಾನ ಇಳಿಯುವುದನ್ನು ಕಂಡು ಜಿನೀವಾದ ಜನ ಗಡಿಯಾರದ ಹೊತ್ತು ಹೇಳುತ್ತಿದ್ದರೆಂಬ ಕಥೆಯೊಂದು ಇಂದಿಗೂ ಪ್ರಚಲಿತದಲ್ಲಿದೆ. 1978ರ ಫೆಬ್ರವರಿಯಲ್ಲಿ ಅಂದಿನ ಸರಕಾರ ಅವರನ್ನು ಅಧ್ಯಕ್ಷಸ್ಥಾನದಿಂದ ತೆಗೆಯಿತು. 1980ರಲ್ಲಿ ಮುಂದಿನ ಸರಕಾರ ಅವರನ್ನು ಮತ್ತೆ ನಿರ್ದೇಶಕ ಮಂಡಳಿಗೆ ಕರೆದುಕೊಂಡಿತು. ಆದರೆ ಅಧ್ಯಕ್ಷಸ್ಥಾನ ಅವರಿಗೆ ಮರಳಲಿಲ್ಲ.

ಜೆ.ಆರ್.ಡಿ. ಅವರ ಸೇವೆ ಆಕಾಶಕ್ಕಷ್ಟೇ ಸೀಮಿತವಾಗಿರಲಿಲ್ಲ. ಮುಂಬಯಿಯ ಟಾಟಾ ಸ್ಮಾರಕ ಆಸ್ಪತ್ರೆ 1941ರಲ್ಲಿ ಹಾಗೂ ಟಾಟಾ ಮೂಲಭೂತ ಸಂಶೋಧನಾ ಸಂಸ್ಥೆ 1945ರಲ್ಲಿ ಆರಂಭವಾದುದರಲ್ಲಿ ಅವರ ಪಾತ್ರ ಹಿರಿದು. ಬೆಂಗಳೂರಿನಲ್ಲಿ 1988ರಲ್ಲಿ ರಾಷ್ಟ್ರೀಯ ಉನ್ನತ ಅಧ್ಯಯನ ಸಂಸ್ಥೆಯ ಕನಸು ಕಂಡು ಅದನ್ನು ಸ್ಥಾಪಿಸಿದವರೂ ಅವರೇ. ಅದರ ಮೊದಲ ನಿರ್ದೇಶಕರಾದವರು ನಮ್ಮ ಕನ್ನಡಿಗ ವಿಜ್ಞಾನಿ ಡಾ. ರಾಜಾ ರಾಮಣ್ಣ.

1982ರ ಅಕ್ಟೋಬರ್ 15ರಂದು, ಮೊದಲ ಅಂಚೆಯಾನಕ್ಕೆ ಐವತ್ತು ವರ್ಷ ತುಂಬಿದಾಗ, ಎಪ್ಪತ್ತೆಂಟರ ವೃದ್ಧ ಜೆ.ಆರ್.ಡಿ. ಹಳೆಯ ಲೆಪರ್ಡ್ ಮಾತ್ ವಿಮಾನವೊಂದನ್ನು ಕರಾಚಿಯಿಂದ ಮುಂಬಯಿಗೆ ನಡೆಸಿಕೊಂಡು ಬಂದರು. ಅಷ್ಟು ಹೊತ್ತಿಗೆ ಕರಾಚಿ ಬೇರೊಂದು ದೇಶದ ನಗರವಾಗಿ ಮೂವತ್ತೈದು ವರ್ಷಗಳಾಗಿದ್ದವು. ಎರಡು ದೇಶಗಳ ನಡುವೆ ಯುದ್ಧಗಳೂ ನಡೆದುಹೋಗಿದ್ದವು. ಆದರೂ ಆ ವೃದ್ಧ ವೈಮಾನಿಕನಿಗೆ ಎರಡೂ ಕಡೆ ದಾರಿ ತೆರೆದಿತ್ತು. 1992ರಲ್ಲಿ ಭಾರತ ರತ್ನ ಪ್ರಶಸ್ತಿ ಅವರನ್ನರಸಿ ಬಂದಿತು. 1993ರ ನವೆಂಬರ್ 29ರಂದು ಅವರು ಜಿನೀವಾದಲ್ಲಿ ಕೊನೆಯುಸಿರೆಳೆದರು. ಹುಟ್ಟಿದ ಪ್ಯಾರಿಸ್ ನಗರದಲ್ಲಿಯೇ ಅವರ ಸಮಾಧಿಯಿದೆ. ಅವರ ಏರ್ ಇಂಡಿಯಾ 2022ರ ಜನವರಿಯಲ್ಲಿ ಮರಳಿ ಟಾಟಾ ಸಮೂಹದ ಕೈ ಸೇರಿತು.

ಇಂದು ಕರಾಚಿ ಮತ್ತು ಮುಂಬಯಿಗಳ ನಡುವೆ ನೇರ ವಿಮಾನವಿಲ್ಲ. 2025ರ ಏಪ್ರಿಲ್‌ನಲ್ಲಿ ಎರಡೂ ದೇಶಗಳು ಪರಸ್ಪರರ ವಿಮಾನಗಳಿಗೆ ತಮ್ಮ ಆಕಾಶವನ್ನೇ ಮುಚ್ಚಿದವು. ಕರಾಚಿಯಿಂದ ಮುಂಬಯಿಗೆ ಬರಬೇಕಾದವರು ದುಬೈಯಂತಹ ಊರನ್ನು ಸುತ್ತಿ ಬರಬೇಕು. ಆಗ 880 ಕಿಲೋಮೀಟರಿನ ದಾರಿ ಸುಮಾರು 3,100 ಕಿಲೋಮೀಟರ್ ಆಗುತ್ತದೆ. ಹಾರಾಟದ ಐದು ಗಂಟೆಗಳಿಗೆ ವಿಮಾನ ಬದಲಿಸಲು ಕಾಯುವ ಹೊತ್ತನ್ನೂ ಸೇರಿಸಿದರೆ, ಜೆ.ಆರ್.ಡಿ. ಒಂದೇ ಎಂಜಿನ್ನಿನ ವಿಮಾನದಲ್ಲಿ ಏಳೂಕಾಲು ಗಂಟೆಯಲ್ಲಿ ಕ್ರಮಿಸಿದ ದಾರಿಗೆ ಇಂದಿನ ಜೆಟ್ ಯುಗದಲ್ಲಿ ಅದಕ್ಕಿಂತ ಹೆಚ್ಚು ಹೊತ್ತು ಬೇಕಾಗುತ್ತದೆ. ಯಂತ್ರವು ಉಳಿಸಿಕೊಟ್ಟ ಸಮಯವನ್ನು ಮನುಷ್ಯರ ವೈಮನಸ್ಯ ಮರಳಿ ಕಸಿದುಕೊಂಡಿದೆ ಎಂದರೆ ಅತಿಶಯೋಕ್ತಿಯಾಗಲಾರದು.

ಈ ದೃಷ್ಟಿಯಿಂದ ನೋಡಿದರೆ ನಾವು ಭಾಗ್ಯವಂತರು. 1951ರ ಡಿಸೆಂಬರ್ 25ರಂದು ಬಜ್ಪೆಯಲ್ಲಿ ವಿಮಾನ ನಿಲ್ದಾಣ ತೆರೆದಂದಿನಿಂದ ಮಂಗಳೂರಿನ ನಂಟು ಆಕಾಶಮಾರ್ಗಕ್ಕೂ ಕೂಡಿಕೊಂಡಿತು. ಊರಿನಿಂದ ಕೆಟ್ಟ ಸುದ್ದಿ ಬಂದಾಗ ಒಂದೂವರೆ ಗಂಟೆಯ ವಿಮಾನದ ಬೆಲೆ ಏನೆಂಬುದು ಮಹಾನಗರದ ಕನ್ನಡ ಕುಟುಂಬಗಳಿಗೆ ತಿಳಿಯದ್ದೇನಲ್ಲ. ಬಸ್ಸಿನಲ್ಲಿ ಹೊರಟು, ತಂದೆಯ ಮುಖವನ್ನು ಕೊನೆಯ ಬಾರಿಗೆ ನೋಡಲಾಗದೆ ಉಳಿದವರು ನಮ್ಮಲ್ಲಿ ಎಷ್ಟು ಮಂದಿಯಿಲ್ಲ! ಸಕಾಲದಲ್ಲಿ ಹೋಗಿ ತಾಯಿಯ ಕೈ ಹಿಡಿದು ಕುಳಿತವರು ಕೂಡ ನಮ್ಮ ನಡುವೆಯೇ ಇದ್ದಾರೆ. ಇವರಿಬ್ಬರಿಗೂ ದೂರ ಒಂದೇ ಆಗಿತ್ತು.

ಜುಹುವಿನ ಆ ಹಳೆಯ ನಿಲ್ದಾಣ ಇಂದಿಗೂ ಇದೆ. ಹೆಲಿಕಾಪ್ಟರುಗಳು ಅಲ್ಲಿ ಏರಿಳಿಯುತ್ತಿವೆ. ಆ ದಾರಿಯಾಗಿ ಹೋಗುವ ನಮ್ಮ ಮಕ್ಕಳಿಗೆ, ಈ ದೇಶದ ವಿಮಾನಯಾನ ಇಲ್ಲಿನ ಕೆಸರು ಬಯಲಿನಿಂದ, ಒಂದಿಷ್ಟು ಕಾಗದಪತ್ರಗಳಿಂದ, ಹೇಳಿದ ಹೊತ್ತಿಗೆ ತಲುಪಲೇಬೇಕೆಂಬ ಒಬ್ಬ ತರುಣನ ಛಲದಿಂದ ಆರಂಭವಾಯಿತೆಂದು ತಿಳಿಸೋಣ. ಅಕ್ಟೋಬರ್ 15 ಬಂದಾಗಲಾದರೂ ಆ ಮಹಾನುಭಾವರನ್ನು ಹಾಗೂ ಬಳ್ಳಾರಿಯ ಮೂಲಕ ಅಂಚೆಯನ್ನು ಹೊತ್ತೊಯ್ದ ಅವರ ಮಿತ್ರ ವಿನ್ಸೆಂಟ್ ಅವರನ್ನು ಕೃತಜ್ಞತೆಯಿಂದ ನೆನೆಯೋಣ.